ಹೊರಗಿನ ಡಬ್ಬಿ

ಗೋಡೆಗೆ ಕೂಡಿಸುವ ಏಸಿಯಲ್ಲಿ ಎರಡು ನಮೂನೆ. ಒಂದರಲ್ಲಿ ಎಲ್ಲವೂ ಒಂದೇ ಡಬ್ಬಿಯೊಳಗೆ. ಅದರ ಅರ್ಧ ಮೈ ಕೋಣೆಯಲ್ಲಿ, ಅರ್ಧ ಮೈ ಹೊರಗೆ. ಅದಕ್ಕೆ ಒಂದು ಕಿಟಕಿ ಬಿಟ್ಟುಕೊಡಬೇಕು, ಇಲ್ಲವೇ ಅಷ್ಟಗಲ ಗೋಡೆ ಒಡೆಯಬೇಕು. ಇನ್ನೊಂದು ಎರಡು ತುಂಡಿನದು. ತಂಪು ಗಾಳಿ ಬಿಡುವ ಉದ್ದನೆಯ ಡಬ್ಬಿ ಒಳಗೆ, ಸದ್ದು ಮಾಡುವ ದೊಡ್ಡ ಡಬ್ಬಿ ಹೊರಗೆ, ನಡುವೆ ತಾಮ್ರದ ಪೈಪು. ಅದಕ್ಕೆ ಮುಷ್ಟಿ ಹೋಗುವಷ್ಟು ತೂತು ಕೊರೆದರೆ ಸಾಕು. ಇದನ್ನೆಲ್ಲ ನಾನು ಕಲಿತದ್ದು ತೊಂಬತ್ತೈದನೆಯ ಇಸವಿಯ ಮಾರ್ಚಿನಲ್ಲಿ. ಕಲಿತು ಏನು ಉದ್ಧಾರ ಮಾಡಿದೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ನಾನು ಸುಗಂಧಾ. ಇಪ್ಪತ್ತಾರನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಕಾಗವಾಡಕ್ಕೆ, ತವರಿಗೆ ವಾಪಸು ಬಂದವಳು. ಅವತ್ತಿನಿಂದ ತಮ್ಮ ಶ್ರೀಪಾಲನ ಮನೆಯ ಕೀಲಿಕೈ ನನ್ನ ಸೊಂಟದಲ್ಲೇ ಇದೆ. ಶ್ರೀಪಾಲನಿಗೆ ದ್ರಾಕ್ಷಿ ತೋಟ, ಅವನ ಹೆಂಡತಿ ಸುನಂದಾಳಿಗೆ ಮೆತ್ತನೆಯ ಮಾತು, ನನಗೆ ಮೂಗಿನ ತುದಿಯ ಸಿಟ್ಟು. ಮನೆಯಲ್ಲಿ ಹಂಚಿಕೆ ಆದದ್ದು ಹಾಗೆ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ, ಸೋಸದ ನೀರು ಮುಟ್ಟುವುದಿಲ್ಲ. ಉಳಿದವರು ಅಷ್ಟಕ್ಕೆ ನಿಲ್ಲಿಸಿದರೆ ನಾನು ಒಂದು ಹೆಜ್ಜೆ ಮುಂದೆ. ಸೋಸಿದ ಅರಿವೆಯಲ್ಲಿ ಕಣ್ಣಿಗೆ ಕಾಣದ ಜೀವ ಉಳಿದಿರುತ್ತದೆ ಎಂದು ಅದನ್ನು ಮಗುಚಿ, ಮೇಲೆ ನೀರು ಹಾಕಿ, ಬಂದ ಬಾವಿಗೇ ಬಿಟ್ಟು ಬರುವವಳು. ಓಣಿಯಲ್ಲಿ ಎಲ್ಲರೂ ಇದಕ್ಕಾಗಿ ನನ್ನನ್ನು ಹೊಗಳುತ್ತಿದ್ದರು. ಹೊಗಳಿಸಿಕೊಳ್ಳುವುದು ನನಗೆ ಇಷ್ಟವೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಶ್ರೀಪಾಲನಿಗೆ ಒಬ್ಬಳೇ ಮಗಳು, ಚೇಲನಾ. ಆಗ ಅವಳಿಗೆ ಏಳು ವರ್ಷ. ತಲೆಯಲ್ಲಿ ಎಳೆ ಎಳೆ ಕೂದಲು, ಬಾಯಲ್ಲಿ ಮೊನೆಯಾದ ನಾಲ್ಕೇ ಹಲ್ಲು, ಮಾತು ಮಾತ್ರ ಊರಿಗೆ ಸಾಲುವಷ್ಟು. ಹುಟ್ಟಿದಾಗಿನಿಂದ ಪ್ರತಿ ಬೇಸಿಗೆಗೆ ಜ್ವರ. ಔಷಧಿಗೂ ಇಳಿಯದ ಜ್ವರ, ತಣ್ಣೀರಿನ ಅರಿವೆ ಹೊದಿಸಿದರೆ ಇಳಿಯುತ್ತಿತ್ತು. ಏಳನೇ ವರ್ಷದಲ್ಲಿ ಮಿರಜಿನ ಒಬ್ಬ ಡಾಕ್ಟರು ಅವಳ ಅಂಗೈಯನ್ನು ಒಂದು ಭೂತಗನ್ನಡಿಯಿಂದ ನೋಡಿ ಕಾರಣ ಹೇಳಿದರು. ಈ ಹುಡುಗಿಯ ಚರ್ಮಕ್ಕೆ ಬೆವರುವುದು ಗೊತ್ತಿಲ್ಲ. ನಮ್ಮ ಮೈಯ ಕಾವು ಬೆವರಿನಲ್ಲಿ ಹೊರಗೆ ಹೋಗುತ್ತದೆ, ಇವಳದು ಒಳಗೇ ಉಳಿಯುತ್ತದೆ. ಚಿಕ್ಕವಳಿದ್ದಾಗ ಎತ್ತಿಕೊಂಡು ನೀರಲ್ಲಿ ಅದ್ದಿದಿರಿ, ಇನ್ನು ಅಷ್ಟಕ್ಕೆ ಆಗುವುದಿಲ್ಲ, ಏಪ್ರಿಲ್ ಬರುವ ಮೊದಲು ಒಂದು ಕೋಣೆ ತಂಪು ಮಾಡಿ, ಇಲ್ಲದಿದ್ದರೆ ಯಾವುದೋ ಒಂದು ಮಧ್ಯಾಹ್ನ ಈ ಮಗು ಕೈಬಿಟ್ಟು ಹೋಗುತ್ತದೆ ಎಂದರು. ಸುನಂದಾ ಅಲ್ಲೇ ಕುರ್ಚಿಯ ಮೇಲೆ ಅಳಲು ಶುರು ಮಾಡಿದಳು. ನಾನು ಅಳಲಿಲ್ಲ. ದಾರಿಯುದ್ದಕ್ಕೂ ಶ್ರೀಪಾಲನನ್ನು ಬೈದೆ. ಅಜ್ಜ ಕಟ್ಟಿಸಿದ ಮಣ್ಣಿನ ಮಾಳಿಗೆಯ ಮನೆ ಬೇಸಿಗೆಯಲ್ಲೂ ಗುಡಿಯ ಹಾಗೆ ತಣ್ಣಗಿತ್ತು. ದ್ರಾಕ್ಷಿಗೆ ಒಂದು ವರ್ಷ ಒಳ್ಳೆಯ ದರ ಬಂತೆಂದು ಅದನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದವನು ಅವನೇ.

ಶ್ರೀಪಾಲ ಮರುದಿನವೇ ನಿಪ್ಪಾಣಿಗೆ ಫೋನು ಮಾಡಿ ಉತ್ತಮ ಎಂಬ ಮಿಸ್ತ್ರಿಯನ್ನು ಕರೆಸಿದ. ಉತ್ತಮ ಕೊಲ್ಲಾಪುರದಲ್ಲಿ ಹನ್ನೆರಡು ವರ್ಷ ಈ ಕೆಲಸ ಕಲಿತವನು. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳ ಆಫೀಸಿಗೆ, ಚಿಕ್ಕೋಡಿಯ ಒಬ್ಬ ಹಲ್ಲಿನ ಡಾಕ್ಟರಿಗೆ ಏಸಿ ಕೂಡಿಸಿದ್ದ. ಸಣಕಲು ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್, ಮೂರು ಮಾತಿಗೆ ಒಂದು ಮರಾಠಿ. ಬಂದವನು ಮೊದಲು ಚೇಲನಾಳ ಕೋಣೆ ಅಳೆದ, ಬಿಸಿಲು ಯಾವ ಗೋಡೆಗೆ ಎಷ್ಟು ಹೊತ್ತು ಬೀಳುತ್ತದೆ ಎಂದು ಕೇಳಿದ, ಮೀಟರಿನ ಹತ್ತಿರ ಹೋಗಿ ವೋಲ್ಟೇಜು ನೋಡಿ ತಲೆ ಅಲ್ಲಾಡಿಸಿದ. ಸ್ಟೆಬಿಲೈಜರ್ ಇಲ್ಲದಿದ್ದರೆ ಯಾವ ಮಷೀನೂ ನಿಮ್ಮ ಊರಲ್ಲಿ ಎಂಟು ದಿನ ಬಾಳುವುದಿಲ್ಲ ಎಂದ. ಮುಂಜಾನೆ ಎರಡು ತಾಸು ಕರೆಂಟು ಹೋಗುತ್ತಿತ್ತು, ಆ ಹೊತ್ತಿಗೆ ಬಿಸಿಲು ಅಷ್ಟು ಇರುವುದಿಲ್ಲವಾದ್ದರಿಂದ ಅದಕ್ಕೆ ಒದ್ದೆ ಚಾದರವೇ ಸಾಕೆಂದು ತೀರ್ಮಾನವಾಯಿತು.

ಆಮೇಲೆ ಸಾಂಗಲಿಯ ಅಂಗಡಿಗೆ ಹೋದೆವು, ಶ್ರೀಪಾಲ, ನಾನು, ಉತ್ತಮ. ಮಗುವಿನ ಜೊತೆ ದಿನವೆಲ್ಲ ಇರುವವಳು ನೀನು, ಆರಿಸುವವಳೂ ನೀನೇ ಎಂದು ಶ್ರೀಪಾಲ ಮೊದಲೇ ಹೇಳಿಬಿಟ್ಟಿದ್ದ. ಅಂಗಡಿಯವನು ಎರಡೂ ನಮೂನೆ ಚಾಲೂ ಮಾಡಿ ತೋರಿಸಿದ. ಕಿಟಕಿಯ ಮಷೀನು ಗುಡುಗುಡು ಎನ್ನುತ್ತಿತ್ತು, ನಡುನಡುವೆ ಧಡ್ ಎಂದು ನಿಂತು ಮತ್ತೆ ಧಡ್ ಎಂದು ಶುರುವಾಗುತ್ತಿತ್ತು. ಎರಡು ತುಂಡಿನದರ ಕೆಳಗೆ ನಿಂತರೆ ಗಾಳಿ ಸುಯ್ಯೆನ್ನುವುದು ಬಿಟ್ಟು ಏನೂ ಕೇಳಿಸದು. ಅಂಗಡಿಯವನು ಹೆಚ್ಚು ಬೆಲೆಯ ಎರಡು ತುಂಡಿನದನ್ನೇ ಹೊಗಳಿದ, ಅವನ ಕೆಲಸವೇ ಅದು. ಉತ್ತಮ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದ.

"ಅಕ್ಕಾರ, ನನ್ನ ಮಾತ ಕೇಳ್ತಿದ್ರ ಖಿಡಕೀದ ತಗೋರಿ. ಅದು ಗದ್ಲಾ ಮಾಡ್ತೈತಿ ಖರೆ. ಆದ್ರ ನಿಂತ್ರ ಆ ಗದ್ಲಾ ನಿಂತದ್ದು ಕಿವಿಗಿ ಗೊತ್ತಾಗ್ತೈತಿ. ಇದು ಹಂಗಲ್ರಿ. ಹೊರಗಿನ ಡಬ್ಬಿ ಬಂದ್ ಬಿದ್ರೂ ಒಳಗಿನ ಪಂಖಾ ತಿರಗತಿರತೈತಿ. ಮಂದಿಗಿ ತಂಪ ಬರಾಕತ್ತೈತಿ ಅಂತನ ಅನಸ್ತೈತಿ."

ಹೇಳಿದ್ದ. ಇಷ್ಟು ಸ್ಪಷ್ಟವಾಗಿ ಹೇಳಿದ್ದ. ನಾನು ಕೇಳಲಿಲ್ಲ, ಅದಕ್ಕೆ ನನ್ನ ಹತ್ತಿರ ಒಂದು ಕಾರಣವಿತ್ತು. ಚೇಲನಾಳ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಹಿತ್ತಲ ಕಡೆಗೆ. ಇನ್ನೊಂದು ಗೋಡೆ ನೆರೆಯ ತವನಪ್ಪನ ಮನೆಗೆ ಹತ್ತಿದ್ದು, ಉಳಿದೆರಡು ಒಳಗಿನವು. ಹಿತ್ತಲಿನ ಗೋಡೆಯಲ್ಲಿ ಕಿಟಕಿಯ ಆಚೀಚೆ ಸ್ಲ್ಯಾಬಿನ ಕಂಬ ಇದ್ದುದರಿಂದ ಒಡೆಯುವ ಹಾಗಿರಲಿಲ್ಲ. ಬೇಸಿಗೆಯ ಮೂರು ತಿಂಗಳು ಆ ಹುಡುಗಿ ಸಾಲೆಗೆ ಹೋಗುವುದಿಲ್ಲ, ಹೊರಗೆ ಆಡುವುದಿಲ್ಲ. ಬೇವಿನ ಗಿಡ, ಬಾವಿಗೆ ಬರುವ ಹೆಂಗಸರು, ಅದರಾಚೆ ಮಿರಜ ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರು, ಇಷ್ಟು ಅವಳ ಊರು. ಮಷೀನು ಬರುತ್ತದೆ ಎಂದಾಗ ಅವಳು ಕೇಳಿದ್ದ ಮೊದಲ ಪ್ರಶ್ನೆ ಖಿಡಕಿ ಮುಚ್ಚುತ್ತೀರೇನು ಎಂದೇ. ಮುಚ್ಚುವುದಿಲ್ಲ ಎಂದು ನಾನು ಅವಳ ತಲೆ ಮುಟ್ಟಿ ಹೇಳಿದ್ದೆ. ಸಾಂಗಲಿಯ ಅಂಗಡಿಯಲ್ಲಿ ನಿಂತು ಎರಡು ತುಂಡಿನದೇ ಇರಲಿ ಎಂದೆ. ಉತ್ತಮ ಮತ್ತೊಮ್ಮೆ ಹೇಳಲು ಬಾಯಿ ತೆಗೆದ. ಮಿಸ್ತ್ರಿ ಮಿಸ್ತ್ರಿಯ ಹಾಗಿರಲಿ ಎಂದು ಗದರಿಸಿದೆ.

ಕೂಡಿಸಲು ಎರಡು ದಿನ ಹಿಡಿಯಿತು. ಉತ್ತಮನ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪು ಹುಡುಕುವ ಹಾಗಿರಲಿಲ್ಲ. ಗೋಡೆಯ ತೂತನ್ನು ಹೊರಗಡೆಗೆ ಸ್ವಲ್ಪ ಇಳಿಜಾರು ಮಾಡಿ ಕೊರೆದ, ನೀರು ಒಳಗೆ ಬರಬಾರದೆಂದು. ತಾಮ್ರದ ಪೈಪನ್ನು ಮೊಣಕಾಲಿನ ಮೇಲಿಟ್ಟು ನಿಧಾನವಾಗಿ ಬಗ್ಗಿಸಿದ, ಕಪ್ಪು ರಬ್ಬರಿನ ತೋಳು ತೊಡಿಸಿದ, ಸೋಪಿನ ನೊರೆ ಹಚ್ಚಿ ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ಮತ್ತೆ ಮತ್ತೆ ನೋಡಿದ. ಹೊರಗಿನ ಡಬ್ಬಿಗೆ ಕಬ್ಬಿಣದ ಎರಡು ಬ್ರ್ಯಾಕೆಟು ಬಡಿದು, ಹಿತ್ತಲಿನ ಗೋಡೆಗೆ, ನನ್ನ ಎದೆಯ ಎತ್ತರಕ್ಕೆ ಕೂಡಿಸಿದ. ತೊಟ್ಟಿಕ್ಕುವ ನೀರು ಎಲ್ಲಿ ಬೀಳುತ್ತದೆ, ಅಲ್ಲಿ ಇರುವೆ ಸಾಲು ಇದೆ ಎಂದು ನಾನು ಜಗಳ ತೆಗೆದಾಗ ನಕ್ಕು, ಪೈಪನ್ನು ಬೇವಿನ ಗಿಡದ ಬುಡದವರೆಗೆ ಎಳೆದು ಕೊಟ್ಟ. ಹೋಗುವ ಮುಂಚೆ ನನ್ನನ್ನು ಡಬ್ಬಿಯ ಮುಂದೆ ನಿಲ್ಲಿಸಿ ಅಂಗೈ ಹಿಡಿಯಲು ಹೇಳಿದ. ಒಲೆಯ ಬಾಯಿಯಿಂದ ಬಂದಂಥ ಗಾಳಿ.

"ಕೋಣ್ಯಾಗಿನ ಕಾವು ಇಲ್ಲಿಂದ ಹೊರಗ ಬೀಳತೈತ್ರಿ. ಇಲ್ಲಿ ಬಿಸಿ ಬಂತಂದ್ರ ಒಳಗ ತಂಪೈತಿ ಅಂತ ತಿಳ್ಕೋರಿ. ಇದರ ಬೆನ್ನ ಹಿಂದ ಒಂದ ಗೇಣ, ಮುಂದ ಮೂರ ಮೊಳಾ, ಏನೂ ಇಡಬ್ಯಾಡ್ರಿ. ಇದಕ್ಕ ಉಸರಾಡಾಕ ಜಾಗಾ ಬೇಕು."

ಇಪ್ಪತ್ತು ದಿನ ನಮ್ಮ ಮನೆಯಲ್ಲಿ ಹಬ್ಬ. ಏಪ್ರಿಲ್ ಬಂತು, ರಸ್ತೆಯ ಡಾಂಬರು ಕರಗಿತು, ಚೇಲನಾಳಿಗೆ ಜ್ವರ ಬರಲಿಲ್ಲ. ಮಧ್ಯಾಹ್ನ ಕಿಟಕಿಯ ಗಾಜಿಗೆ ಮೂಗು ಹಚ್ಚಿ ನಿಂತು, ಬಾವಿಗೆ ಯಾರು ಯಾವ ಸೀರೆ ಉಟ್ಟು ಬಂದರು ಎಂದು ನನಗೆ ವರದಿ ಒಪ್ಪಿಸುತ್ತಿದ್ದಳು. ಹುಟ್ಟಿದ ಮೇಲೆ ಮೊದಲ ಸಲ ಅವಳು ಏಪ್ರಿಲ್ ತಿಂಗಳಲ್ಲಿ ಹಾಡಿದ್ದು ಕೇಳಿದೆ. ನನ್ನ ಆಯ್ಕೆ ಎಷ್ಟು ಸರಿ ಎಂದು ನನಗೇ ಹೆಮ್ಮೆ.

ಒಂದು ಸಂಜೆ ಹಿತ್ತಲು ಗುಡಿಸುವಾಗ ಡಬ್ಬಿಯ ಕೆಳಗೆ ಒಂದು ಗುಬ್ಬಿ ಬಿದ್ದಿತ್ತು. ಒಂದು ರೆಕ್ಕೆ ಹರಿದಿತ್ತು. ಬೇವಿನ ಗಿಡದ ಗುಬ್ಬಿ, ಜಾಳಿಗೆಯೊಳಗೆ ನುಗ್ಗಿ ಪಂಖಕ್ಕೆ ಸಿಕ್ಕಿತ್ತು. ಬಗ್ಗಿ ಡಬ್ಬಿಯ ಬೆನ್ನು ನೋಡಿದೆ. ತಗಡಿನ ಸಣ್ಣ ಸಣ್ಣ ಸೀಳುಗಳ ತುಂಬ ಪತಂಗ, ನೊಣ, ಒಂದು ಹಳದಿ ಚಿಟ್ಟೆ, ಹೀರಿ ಅಂಟಿಕೊಂಡು ಒಣಗಿದ್ದವು. ಇರುವೆ ಉಳಿಸಲು ಪೈಪು ತಿರುಗಿಸಿದವಳು ನಾನು. ಇಪ್ಪತ್ತು ದಿನ, ಹಗಲೂ ರಾತ್ರಿ, ನನ್ನ ಗೋಡೆಯ ಮೇಲೆ ಇಷ್ಟು ಜೀವ ಹೋಗಿದ್ದವು, ನಾನು ಒಳಗೆ ಜಪಮಣಿ ಎಣಿಸುತ್ತಿದ್ದೆ. ಹಾಗೆಂದು ಮಷೀನು ನಿಲ್ಲಿಸುವ ಹಾಗಿಲ್ಲ. ನನಗೆ ಎರಡೂ ಬೇಕಾಗಿತ್ತು, ಹುಡುಗಿಯೂ ಉಳಿಯಬೇಕು, ಗುಬ್ಬಿಯೂ ಉಳಿಯಬೇಕು.

ನೀರು ಸೋಸುವ ಅರಿವೆ ತಂದೆ. ಸೂರ್ಯನ ಬೆಳಕು ಆಚೆ ಕಾಣಬಾರದು, ಅಷ್ಟು ದಪ್ಪನೆಯದು, ಅದೂ ಎರಡು ಪದರು. ಹೊತ್ತು ಮುಳುಗಿದ್ದರಿಂದ ಚೇಲನಾಳನ್ನು ಹಿತ್ತಲಿಗೆ ಬಿಟ್ಟಿದ್ದೆ. ಡಬ್ಬಿಯ ಬೆನ್ನಿಗೂ ಮೋರೆಗೂ ಸೇರಿಸಿ ಅರಿವೆ ಸುತ್ತಿ, ಸುತ್ತಲೂ ದಾರ ಬಿಗಿದೆ. ಗಂಟು ಹಾಕುವಾಗ ದಾರ ಜಾರದಂತೆ ಚೇಲನಾ ಬೆರಳಿಟ್ಟು ಹಿಡಿದಳು. ಗಾಳಿಗೆ ಅರಿವೆಯಲ್ಲಿ ಸಣ್ಣ ದಾರಿ ಇದ್ದೇ ಇರುತ್ತದೆ, ನೀರೇ ದಾಟುತ್ತದೆ, ಗಾಳಿ ದಾಟದೇ ಎಂದುಕೊಂಡೆ. ಉತ್ತಮನ ಮಾತು ನೆನಪಿಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಅವನೇನು ಜೈನನೇ, ಅವನಿಗೆ ಇದೆಲ್ಲ ಹೇಗೆ ತಿಳಿಯಬೇಕು ಎಂದು ತಳ್ಳಿಹಾಕಿದೆ. ಅವತ್ತು ರಾತ್ರಿ ಕೋಣೆ ಎಂದಿನಂತೆ ತಣ್ಣಗೇ ಇತ್ತು.

ಮರುದಿನ ರಾಯಬಾಗದಲ್ಲಿ ಸುನಂದಾಳ ತಮ್ಮನ ಮದುವೆ. ಗಂಡ ಹೆಂಡತಿ ಬೆಳಗ್ಗೆಯೇ ಹೋದರು. ಬಿಸಿಲಿಗೆ ಚೇಲನಾ ಹೋಗುವ ಹಾಗಿರಲಿಲ್ಲ, ಅವಳಿಗಾಗಿ ನಾನು ಉಳಿದೆ. ಹನ್ನೊಂದಕ್ಕೆ ಅವಳಿಗೆ ಉಣಿಸಿ, ಗಾಜು ಮುಚ್ಚಿ, ಕೋಣೆಯಲ್ಲಿ ಮಲಗಿಸಿದೆ. ಹನ್ನೆರಡಕ್ಕೆ ನನ್ನ ಸಾಮಾಯಿಕದ ಹೊತ್ತು. ಎರಡು ಗಳಿಗೆ, ಅಂದರೆ ನಲವತ್ತೆಂಟು ನಿಮಿಷ, ಕುಳಿತ ಜಾಗ ಬಿಟ್ಟು ಏಳಬಾರದು, ಮಾತಾಡಬಾರದು, ಮನಸ್ಸನ್ನು ಸಮ ಮಾಡಿಕೊಂಡು ಕೂಡಬೇಕು. ಇಪ್ಪತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿರಲಿಲ್ಲ. ಪಕ್ಕದ ಕೋಣೆಯಲ್ಲಿ, ಬಾಗಿಲ ಹತ್ತಿರವೇ ಮಣೆ ಹಾಕಿಕೊಂಡೆ. ಒಳಗಿನಿಂದ ಗಾಳಿಯ ಸದ್ದು ಸುಯ್ಯೆಂದು ಕೇಳಿಸುತ್ತಿತ್ತು. ಆ ಸದ್ದು ಇದ್ದುದರಿಂದ ನನ್ನ ಮನಸ್ಸು ಅವತ್ತು ಬೇಗನೆ ನಿಂತಿತು. ಅಷ್ಟು ನೆಮ್ಮದಿಯಿಂದ ನಾನು ಎಂದೂ ಕುಳಿತಿರಲಿಲ್ಲ.

ಎದ್ದು ಬಾಗಿಲು ತೆರೆದರೆ ಮುಖಕ್ಕೆ ಬಿಸಿ ಬಡಿಯಿತು. ಮೇಲಿನ ಡಬ್ಬಿ ಸುಯ್ಯೆಂದು ಬಿಸಿ ಗಾಳಿಯನ್ನೇ ಊದುತ್ತಿತ್ತು. ಚೇಲನಾ ಕಿಟಕಿಯ ಕೆಳಗೆ ನೆಲದ ಮೇಲೆ ಬಿದ್ದಿದ್ದಳು. ಮುಖ ಕೆಂಪಾಗಿ, ಚರ್ಮ ಒಣಗಿ, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಕೈಕಾಲು ಸೆಟೆದು ಜಗ್ಗುತ್ತಿದ್ದವು. ಗಾಜಿನ ಮೇಲೆ ಅವಳ ಅಂಗೈಯ ಗುರುತು ಇತ್ತು. ತೆರೆಯಲು ನೋಡಿದ್ದಳೋ, ಬಡಿದಿದ್ದಳೋ, ಇಂದಿಗೂ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಆಗಿಲ್ಲ.

ತವನಪ್ಪನನ್ನು ಕೂಗಿದೆ. ಅವನು ಜೀಪು ತೆಗೆಯುವಷ್ಟರಲ್ಲಿ ನೀರಿಗೆಂದು ಹಿತ್ತಲಿಗೆ ಓಡಿದೆ. ಡಬ್ಬಿಯೊಳಗೆ ಪಂಖ ತಿರುಗುತ್ತಿತ್ತು, ಆದರೆ ಮಷೀನಿನ ಗುರುಗುಟ್ಟುವ ಸದ್ದು ಇರಲಿಲ್ಲ. ಅರಿವೆ ಅದರ ಬೆನ್ನಿಗೆ ಬಿಗಿಯಾಗಿ ಹೀರಿಕೊಂಡು ಕಂದು ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಬಾಣಲೆಯಂತೆ ಸುಟ್ಟಿತು. ಆ ಕ್ಷಣಕ್ಕೇ ಎಲ್ಲ ತಿಳಿಯಿತು. ದಾರ ಹರಿದು, ಅರಿವೆ ಕಿತ್ತು, ಬಕೆಟ್ಟಿನಲ್ಲಿ ಅದ್ದಿ, ಅದನ್ನೇ ಹುಡುಗಿಗೆ ಸುತ್ತಿದೆ. ಒದ್ದೆ ಅರಿವೆ ಬೇಕಾಗಿತ್ತು, ನಿಜ. ಅದು ಅಲ್ಲಿ ಯಾರ ಕಣ್ಣಿಗೂ ಬೀಳಬಾರದು ಎನ್ನುವುದೂ ನನ್ನ ಕೈಗೆ ಗೊತ್ತಿತ್ತು, ಅದೂ ನಿಜ. ಮಿರಜ ಮುಟ್ಟುವವರೆಗೂ ಜೀಪಿನಲ್ಲಿ ಅವಳ ಮೇಲೆ ನೀರು ಸುರಿಯುತ್ತಲೇ ಇದ್ದೆ. ಸೋಸದ ನೀರು.

ಮೂರು ದಿನ ಅವಳಿಗೆ ಎಚ್ಚರವಿರಲಿಲ್ಲ. ನಾಲ್ಕನೆಯ ದಿನ ಕಣ್ಣು ಬಿಟ್ಟಳು, ಆದರೆ ಮಾತು ತೊದಲು, ಎಡಗೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಸರಿಹೋಗಬಹುದು, ಪೂರ್ತಿ ಹೋಗದೆಯೂ ಇರಬಹುದು ಎಂದರು ಡಾಕ್ಟರು. ಶ್ರೀಪಾಲ ಯಾರನ್ನಾದರೂ ಹಿಡಿದು ಕೊಲ್ಲುವ ಮುಖ ಹೊತ್ತು ತಿರುಗುತ್ತಿದ್ದ. ಊರಿಗೆ ಬಂದು ಉತ್ತಮನನ್ನು ಕರೆಸಿದ. ಮನೆಯ ಬಟ್ಟೆ ಬರೆ ಒಯ್ಯಲೆಂದು ನಾನೂ ಅವತ್ತು ಬಂದಿದ್ದೆ.

ಉತ್ತಮ ಮಷೀನು ಚಾಲೂ ಮಾಡಿದ. ಐದೇ ನಿಮಿಷದಲ್ಲಿ ಕೋಣೆ ತಣ್ಣಗಾಯಿತು. ಗ್ಯಾಸು ನೋಡಿದ, ವೈರು ನೋಡಿದ, ಸ್ಟೆಬಿಲೈಜರ್ ನೋಡಿದ. ಎಲ್ಲ ಸರಿ ಇತ್ತು. ಮಷೀನು ಕಾವು ಹೆಚ್ಚಾಗಿ ತಾನೇ ನಿಂತಿದೆ, ಯಾಕೆ ಹೆಚ್ಚಾಯಿತು ಎನ್ನುವುದೇ ತಿಳಿಯುತ್ತಿಲ್ಲ ಎಂದ. ಆಮೇಲೆ ನನ್ನ ಕಡೆ ತಿರುಗಿದ.

"ಅಕ್ಕಾರ, ಇದರ ಮ್ಯಾಲ ಏನರ ಹೊಚ್ಚಿದ್ರೇನ್ರಿ?"

"ಇಲ್ಲ," ಎಂದೆ.

ಒಂದೇ ಮಾತು. ಇರುವೆ ತುಳಿದರೆ ಉಪವಾಸ ಮಾಡುವ ಸುಗಂಧಾ ನಿಂತ ನಿಲುವಿನಲ್ಲಿ, ಕಣ್ಣು ಕೂಡ ಮಿಟುಕಿಸದೆ ಹೇಳಿದ ಮಾತು. ಶ್ರೀಪಾಲ ಉತ್ತಮನ ಅಂಗಿಯ ಕೊರಳು ಹಿಡಿದ. ಗುಂಡಿ ಹರಿದು ನನ್ನ ಕಾಲ ಹತ್ತಿರ ಬಿತ್ತು. ಹುಡುಗಿಯನ್ನು ಕೊಲ್ಲಲು ಬಂದಿದ್ದಿಯೇನು ಎಂದು ಓಣಿಗೆಲ್ಲ ಕೇಳುವಂತೆ ಬೈದ. ಉತ್ತಮ ತಿರುಗಿ ಬೈಯಲಿಲ್ಲ, ಕೈ ಕೊಸರಿಕೊಳ್ಳಲಿಲ್ಲ. ತನ್ನ ಚೀಲ ಎತ್ತಿಕೊಂಡು ಮೋಟರ್ ಸೈಕಲ್ಲಿನವರೆಗೆ ನಡೆದು ಹೋದ. ನಾನು ಬಗ್ಗಿ ಗುಂಡಿ ಎತ್ತಿಕೊಂಡೆ. ಯಾಕೆ ಎತ್ತಿಕೊಂಡೆನೋ ಗೊತ್ತಿಲ್ಲ.

ಶ್ರೀಪಾಲ ಅಷ್ಟಕ್ಕೆ ಬಿಡಲಿಲ್ಲ. ಅಥಣಿ, ಚಿಕ್ಕೋಡಿ, ನಿಪ್ಪಾಣಿ, ತನಗೆ ಗುರುತಿದ್ದವರಿಗೆಲ್ಲ ಹೇಳಿದ. ಅಥಣಿಯ ಒಂದು ಬಂಗಾರದ ಅಂಗಡಿಯವರು ಉತ್ತಮನಿಗೆ ಕೊಟ್ಟ ಕೆಲಸ ವಾಪಸು ತೆಗೆದುಕೊಂಡರು. ನಿಪ್ಪಾಣಿಯಲ್ಲಿ ಅವನ ಅಂಗಡಿಯ ಬಾಗಿಲು ಅರ್ಧ ಮುಚ್ಚಿರುತ್ತದೆ ಎಂದು ತವನಪ್ಪ ನೋಡಿ ಬಂದು ಹೇಳಿದ. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು ರೊಟ್ಟಿ ಬಡಿದೆ, ಸಾಮಾಯಿಕಕ್ಕೂ ಕುಳಿತೆ. ಕಣ್ಣು ಮುಚ್ಚಿದರೆ ಸುಯ್ಯೆನ್ನುವ ಸದ್ದು ಕೇಳುತ್ತಿತ್ತು. ಹೇಳಿದರೆ ಏನಾಗುತ್ತದೆ ಎಂದು ನನಗೆ ಭಯ. ಈ ಮನೆ ಬಿಟ್ಟರೆ ನನಗೆ ಇನ್ನೊಂದು ಬಾಗಿಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಓಣಿಯಲ್ಲಿ ನನ್ನ ಹೆಸರು ಹೇಳಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರಲ್ಲ, ಅದು ಹೋಗುತ್ತದೆ ಎಂದು ಭಯ.

ಮೇ ತಿಂಗಳಲ್ಲಿ ಎರಡು ಅಡ್ಡಮಳೆ ಬಿದ್ದು ತಂಪಾಯಿತು. ಚೇಲನಾಳನ್ನು ಮನೆಗೆ ಕರೆತಂದರು. ಮಾತು ಬಹಳಷ್ಟು ಬಂದಿತ್ತು, ಎಡಗೈ ಮಾತ್ರ ಇನ್ನೂ ಮಂದ. ಅಷ್ಟರಲ್ಲಿ ಶ್ರೀಪಾಲ ಸಾಂಗಲಿಯಿಂದ ಕಿಟಕಿಯ ಮಷೀನು ತಂದು ಪಡಸಾಲೆಯಲ್ಲಿ ಇಳಿಸಿದ್ದ. ಎರಡು ತುಂಡಿನದನ್ನು ಗುಜರಿಗೆ ಹಾಕುತ್ತೇನೆ ಎಂದ. ಸದ್ದು ಮಾಡಿದರೆ ಮಾಡಲಿ, ಮಷೀನು ಬದುಕಿದೆ ಎಂದು ತಿಳಿದರೆ ಸಾಕು ಎಂದ. ಬಡಗಿ ಭರಮು ಬಂದು ಕಿಟಕಿಯ ಚೌಕಟ್ಟು ಅಳೆಯತೊಡಗಿದ. ಮಷೀನು ಕೂತ ಮೇಲೆ ಉಳಿದ ಜಾಗಕ್ಕೆ ಪ್ಲೈವುಡ್ ಬಡಿಯಬೇಕು ಎಂದು ಅವರಿಬ್ಬರೂ ಮಾತಾಡಿಕೊಳ್ಳುತ್ತಿದ್ದರು.

ಚೇಲನಾ ಮಂಚದ ಮೇಲೆ ಕುಳಿತು ನೋಡುತ್ತಿದ್ದಳು. ಖಿಡಕಿ ಮುಚ್ಚಬೇಡಿ ಎಂದು ಅಳುತ್ತಾಳೆ, ಹಟ ಮಾಡುತ್ತಾಳೆ ಎಂದು ನಾನು ಕಾದೆ. ಅಳಲಿಲ್ಲ. ನಾನು ಹಾಲು ಕೊಡಲು ಬಗ್ಗಿದಾಗ ಕಿವಿಯ ಹತ್ತಿರ ಬಾಯಿ ತಂದಳು.

"ಅತ್ತಿ, ಖಿಡಕಿ ಹೋದ್ರ ಹೋಗಲಿ. ನಾ ಯಾರಿಗೂ ಹೇಳಿಲ್ಲ."

ಹಾಲಿನ ಲೋಟ ಕೆಳಗಿಟ್ಟೆ. ಏನು ಹೇಳಿಲ್ಲ ಎಂದು ಕೇಳುವ ಅಗತ್ಯವಿರಲಿಲ್ಲ. ಅವಳು ಬಾಗಿಲ ಕಡೆ ಒಮ್ಮೆ ನೋಡಿ ಮತ್ತೆ ಹೇಳಿದಳು.

"ದಾರ ನಾನೂ ಹಿಡದಿದ್ನಲ್ಲಾ. ಪಪ್ಪಾ ಉತ್ತಮ ಕಾಕಾಗ ಬಡದರಂತ, ಗೊತ್ತಾದ್ರ ನನಗೂ ಬಡೀತಾರೇನು?"

ಇಪ್ಪತ್ತೆರಡು ದಿನ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗಿನಿಂದ ಈ ಹುಡುಗಿ ತೊದಲುವ ನಾಲಿಗೆಯ ಹಿಂದೆ ಇದನ್ನು ಇಟ್ಟುಕೊಂಡು ಮಲಗಿದ್ದಳು. ಅವಳ ಮೈಯ ಕಾವು ಹೊರಗೆ ಹೋಗುವುದಿಲ್ಲ ಎಂದು ಲೋಕವೆಲ್ಲ ತಿರುಗಿ ಮಷೀನು ತಂದವಳು ನಾನು, ಇನ್ನೊಂದು ಕಾವನ್ನು ಅವಳೊಳಗೆ ಹಾಕಿ ಬಾಯಿ ಮುಚ್ಚಿದವಳೂ ನಾನೇ. ನನ್ನ ಬಗ್ಗೆ ನನಗೆ ಅವತ್ತು ಆದಂಥ ಹೇಸಿಗೆ ಹಿಂದೆ ಎಂದೂ ಆಗಿರಲಿಲ್ಲ.

ಒಳಗೆ ಹೋಗಿ ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದ ಅರಿವೆ ತೆಗೆದೆ. ಡಬ್ಬಿಯ ಸೀಳುಗಳ ಗೆರೆ ಅದರ ಮೇಲೆ ಸಾಲಾಗಿ ಮೂಡಿತ್ತು. ತಂದು ಶ್ರೀಪಾಲನ ಮುಂದೆ, ಭರಮು ನೋಡುತ್ತಿರುವಾಗಲೇ, ಹಾಸಿದೆ. ಸುನಂದಾ ಬಾಗಿಲಲ್ಲಿ ಬಂದು ನಿಂತಳು.

"ಉತ್ತಮಂದ ಏನೂ ತಪ್ಪಿಲ್ಲ. ಇದನ್ನ ಡಬ್ಬಿಗಿ ಕಟ್ಟಿದಾಕಿ ನಾನು. ಬಿಚ್ಚಿ ಮುಚ್ಚಿಟ್ಟಾಕೀನೂ ನಾನು. ಕೂಸಿಗಿ ಏನೂ ತಿಳೀದು, ನಾ ಹಿಡಿ ಅಂದ್ನಿ, ಅಕಿ ಹಿಡದಳು."

ಶ್ರೀಪಾಲ ಅರಿವೆ ಎತ್ತಿಕೊಂಡ. ಬೆಳಕಿಗೆ ಹಿಡಿದ. ಆಚೆ ಏನೂ ಕಾಣಲಿಲ್ಲ. ಅವನು ಬೈಯಲಿ, ಹೊಡೆಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮಾತಾಡಿದವಳು ಸುನಂದಾ. ಇಪ್ಪತ್ತು ವರ್ಷ ನನ್ನ ಮುಂದೆ ಸೆರಗು ಸರಿ ಮಾಡಿಕೊಳ್ಳದೆ ನಿಲ್ಲದವಳು.

"ಅಕ್ಕಾರ, ಕೂಸು ನೆಲದ ಮ್ಯಾಲ ಬಿದ್ದಾಗ ನೀವು ಕಣ್ಣ ಮುಚ್ಚಿ ಕುಂತಿದ್ರಿ. ಅದನ್ನ ನಾ ಹೆಂಗೋ ತಡಕೊಂಡಿದ್ನಿ. ಇದನ್ನ ಹೆಂಗ ತಡಕೊಳ್ಳಲಿ?"

ಅವಳು ನನ್ನನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಆದರೆ ಅವತ್ತಿನಿಂದ ನನ್ನ ಕೈಯ ಅಡುಗೆ ಉಣ್ಣುವುದಿಲ್ಲ, ತನ್ನದು ತಾನೇ ಮಾಡಿಕೊಳ್ಳುತ್ತಾಳೆ.

ಮರುದಿನ ಶ್ರೀಪಾಲನ ಜೊತೆ ನಿಪ್ಪಾಣಿಗೆ ಹೋದೆ. ಅರ್ಧ ಮುಚ್ಚಿದ ಬಾಗಿಲಿನ ಮುಂದೆ ನಿಂತು, ಪಕ್ಕದ ಅಂಗಡಿಯವರಿಗೂ ಕೇಳುವಂತೆ ಆದದ್ದೆಲ್ಲ ಹೇಳಿ ಕೈ ಮುಗಿದೆ. ಗುಂಡಿಯನ್ನು ಕಟ್ಟೆಯ ಮೇಲೆ ಇಟ್ಟೆ. ಶ್ರೀಪಾಲ ಎಲ್ಲೆಲ್ಲಿ ಕೆಟ್ಟದ್ದು ಹೇಳಿದ್ದನೋ ಅಲ್ಲಿಗೆಲ್ಲ ಹೋಗಿ ಹೇಳಿ ಬರುತ್ತೇನೆಂದ, ಹೋಗಿಯೂ ಬಂದ. ಬಂಗಾರದ ಅಂಗಡಿಯವರು ಅಷ್ಟರಲ್ಲಿ ಬೇರೆಯವರಿಂದ ಕೆಲಸ ಮಾಡಿಸಿಬಿಟ್ಟಿದ್ದರು. ಉತ್ತಮ ನಮ್ಮ ಮಾತಿಗೆ ಆಗಲಿ ಬಿಡಿ ಎನ್ನಲಿಲ್ಲ. ಕೂಸು ಹ್ಯಾಂಗೈತಿ ಎಂದಷ್ಟೇ ಕೇಳಿದ. ಮುಂದಿನ ವಾರ ಬಂದು ಮಷೀನು ಬಿಚ್ಚಿ ತೊಳೆದ, ಬೆನ್ನಿಗೂ ಮೋರೆಗೂ ಅಗಲ ಕಣ್ಣಿನ ತಂತಿಯ ಜಾಳಿಗೆ ಕೂಡಿಸಿ, ಗುಬ್ಬಿ ಬರುವುದಿಲ್ಲ, ಹುಳ ಬಂದೇ ಬರುತ್ತವೆ ಎಂದ. ಪಡಸಾಲೆಯ ಕಿಟಕಿಯ ಮಷೀನು ಸಾಂಗಲಿಗೆ ವಾಪಸು ಹೋಯಿತು. ಅವತ್ತು ಹೊರಟಾಗ ನಾನು ನೀರು ಕೊಟ್ಟರೆ ಉತ್ತಮ ಮುಟ್ಟಲಿಲ್ಲ.

ಈಗ ಬೇಸಿಗೆಯ ಮಧ್ಯಾಹ್ನ ನಾನು ಕೋಣೆಯೊಳಗೆ ಕೂಡುವುದಿಲ್ಲ. ಹಿತ್ತಲಿನಲ್ಲಿ, ಡಬ್ಬಿಯ ಪಕ್ಕ, ಬೇವಿನ ನೆರಳು ಸಿಕ್ಕಷ್ಟರಲ್ಲಿ ಮಣೆ ಹಾಕಿಕೊಳ್ಳುತ್ತೇನೆ. ಬೆಳಗ್ಗೆ ಎದ್ದು ಮೆತ್ತನೆಯ ಕುಂಚದಿಂದ ಸೀಳುಗಳಲ್ಲಿ ಸತ್ತ ಪತಂಗಗಳನ್ನು ಬಿಡಿಸಿ ಅಂಗೈಯಲ್ಲಿ ತುಂಬಿಕೊಂಡು ಗಿಡದ ಬುಡಕ್ಕೆ ಹಾಕುತ್ತೇನೆ. ಅವು ನನ್ನ ಲೆಕ್ಕಕ್ಕೆ. ಸಾಮಾಯಿಕ ಬಿಟ್ಟಿದ್ದೇನೆ. ನಲವತ್ತೆಂಟು ನಿಮಿಷ ಮಾತಾಡದೆ ಕೂಡುವುದು ಇನ್ನು ನನ್ನಿಂದ ಆಗುವುದಿಲ್ಲ. ಯಾಕೆಂದರೆ ಸ್ವಲ್ಪ ಹೊತ್ತಿಗೊಮ್ಮೆ ಮೇಲಿನ ಕಿಟಕಿಯ ಗಾಜು ನಾಲ್ಕು ಬೆರಳು ಸರಿಯುತ್ತದೆ, ಚೇಲನಾ ಬಾಯಿ ಹೊರಗಿಟ್ಟು ಕೇಳುತ್ತಾಳೆ.

"ಅತ್ತಿ, ಬಿಸಿ ಬರಾಕತ್ತೈತೇನು?"

ನಾನು ಡಬ್ಬಿಯ ಮುಂದೆ ಅಂಗೈ ಹಿಡಿಯುತ್ತೇನೆ.

"ಬರಾಕತ್ತೈತಿ," ಎನ್ನುತ್ತೇನೆ. ಅವಳು ಗಾಜು ಮುಚ್ಚಿಕೊಳ್ಳುತ್ತಾಳೆ.